ಮನೆಯಲ್ಲಿ ಮುದ್ರಿಸಿದ ಸಿ.ಡಿ. ಕಾರಿನಲ್ಲಿ ಏಕೆ ಹಾಡುವುದಿಲ್ಲ?

ಉದ್ಯೋಗನಿಮಿತ್ತ ತಾಯ್ನಾಡನ್ನು ಬಿಟ್ಟು ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳಲ್ಲಿ ನೆಲೆಸಿರುವ ನಮ್ಮಂಥವರಿಗೆ ಕನ್ನಡವು ಕಿವಿಗೆ ಬೀಳುವ ಸ್ಥಳಗಳು ಕೆಲವೇ. ಮನೆ ಒಂದು, ಸಂಘದ ಸಭಾಂಗಣ ಇನ್ನೊಂದು. ಮೂರನೆಯದು ನಮ್ಮ ಕಾರು. ಕಚೇರಿಯಲ್ಲಿ ಹಿಂದಿ ಇಂಗ್ಲಿಷುಗಳೂ ಪೇಟೆಯಲ್ಲಿ ಗುಜರಾತಿಯೂ ನಡೆಯುವ ದಿನದ ಕೊನೆಯಲ್ಲಿ, ಕಾರಿನ ಬಾಗಿಲನ್ನು ಎಳೆದುಕೊಂಡು ಒಂದು ಭಾವಗೀತೆಯನ್ನೋ ದೇವರನಾಮವನ್ನೋ ಕೇಳಿದಾಗ ಆಗುವ ಸಮಾಧಾನವನ್ನು ಬಲ್ಲವರೇ ಬಲ್ಲರು. ವಡೋದರಾದ ಗಾಯಕವಾಡ ಅರಸರ ಆಸ್ಥಾನದಲ್ಲಿ ಕೆಲಕಾಲ ಇದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಪಂಡಿತ ಭೀಮಸೇನ ಜೋಶಿಯವರು. ಅದೇ ವಡೋದರಾವನ್ನು ಹಾದುಹೋಗುವಾಗ ಭೀಮಸೇನರ ಕಂಠದಲ್ಲಿ ದಾಸರ ಪದವನ್ನು ಕೇಳುವ ಕನ್ನಡಿಗನಿಗೆ ತಾನು ತೀರ ಪರಸ್ಥಳದಲ್ಲಿದ್ದೇನೆಂದು ಅನಿಸಲಾರದು.

ಆದರೆ ಕಾರಿನ ಸ್ಟೀರಿಯೋ ಯಂತ್ರವು ಎಲ್ಲ ವೇಳೆಯಲ್ಲಿಯೂ ನಮ್ಮ ಮಾತನ್ನು ಕೇಳುವುದಿಲ್ಲ. 2009ರ ಚಳಿಗಾಲದ ಒಂದು ಮುಂಜಾನೆ, ಸೂರತ್ತಿನಲ್ಲಿರುವ ನನ್ನ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಅಹಮದಾಬಾದಿನಿಂದ ಕುಟುಂಬ ಸಮೇತರಾಗಿ ಹೊರಟಿದ್ದೆವು. ಊರಿನಿಂದ ಬಂದಿದ್ದ ತಾಯಿಯವರೂ ಜೊತೆಗಿದ್ದರು. 1994ರಲ್ಲಿ ಬಂಧುಗಳ ಮದುವೆಯೊಂದರಲ್ಲಿ ಅವರು ಹಾಡಿದ್ದ ದೇವರನಾಮಗಳೂ ಆರತಿಯ ಹಾಡುಗಳೂ ಒಂದು ಕ್ಯಾಸೆಟ್ಟಿನಲ್ಲಿದ್ದವು. ಅವುಗಳನ್ನು ಕಷ್ಟಪಟ್ಟು ಕಂಪ್ಯೂಟರಿಗೆ ಇಳಿಸಿ, ಸಿ.ಡಿ.ಗೆ ಬರೆದು, ಅವರಿಗೆ ತಿಳಿಯದಂತೆ ಕಾರಿನಲ್ಲಿಟ್ಟಿದ್ದೆ. ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಏರಿದೊಡನೆ ತಟ್ಟೆಯನ್ನು ಸ್ಟೀರಿಯೋದ ಬಾಯಿಗೆ ಕೊಟ್ಟೆ. ಅದು ಕೆಲವು ಕ್ಷಣ ಗಿರಗಿರನೆ ತಿರುಗಿ, ‘ಎರರ್’ ಎಂಬ ಅಕ್ಷರಗಳನ್ನು ತೋರಿಸಿ, ತಟ್ಟೆಯನ್ನು ಹೊರಕ್ಕೆ ನೂಕಿತು. ಮತ್ತೆರಡು ಬಾರಿ ಪ್ರಯತ್ನಿಸಿದರೂ ಫಲ ಅದೇ. ಹಿಂದಿನ ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ನಿರ್ದೋಷವಾಗಿ ಹಾಡಿದ್ದ ತಟ್ಟೆ ಅದು! ಸಂಗತಿ ತಿಳಿದ ತಾಯಿಯವರು, “ಇರಲಿ ಬಿಡೋ, ತಟ್ಟೆ ಹಾಡದಿದ್ದರೆ ನಾನೇ ಹಾಡ್ತೀನಿ” ಎಂದು ಆರಂಭಿಸಿದವರು, ಭರೂಚಿನ ನರ್ಮದಾ ಸೇತುವೆಯ ಬಳಿ ಲಾರಿಗಳ ಸಾಲಿನಲ್ಲಿ ನಾವು ಸಿಕ್ಕಿಬಿದ್ದಿದ್ದಾಗಲೂ ನಿಲ್ಲಿಸಲಿಲ್ಲ. (2017ರಲ್ಲಿ ಹೊಸ ಸೇತುವೆ ತೆರೆಯುವುದಕ್ಕೆ ಮುನ್ನ ಆ ಸ್ಥಳದಲ್ಲಿ ಗಂಟೆಗಟ್ಟಲೆ ಕಾಯದವರು ನಮ್ಮಲ್ಲಿ ವಿರಳ.)

ತಟ್ಟೆಯು ಏಕೆ ಹಾಡಲಿಲ್ಲವೆಂಬುದನ್ನು ಅರಿಯಲು ನನಗೆ ಅನೇಕ ವಾರಗಳೇ ಹಿಡಿದವು. ನಾನು ವಾಣಿಜ್ಯಶಾಸ್ತ್ರದ ಪದವೀಧರ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವವನೇ ಹೊರತು ಇಂಜಿನಿಯರನಲ್ಲ. ಆದರೂ ಕಲಿತುಕೊಂಡದ್ದನ್ನು ಸಹೃದಯ ಬಾಂಧವರ ಮುಂದಿಡುವುದು ಉಚಿತವೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ. ಈ ಮೂರು ನಗರಗಳಲ್ಲಿ ಸಿ.ಡಿ. ಯಂತ್ರವುಳ್ಳ ಹಳೆಯ ಕಾರುಗಳು ಇನ್ನೂ ಓಡುತ್ತಿವೆ. ಅದಕ್ಕಿಂತ ಮಿಗಿಲಾಗಿ, ಹಿರಿಯರ ಧ್ವನಿಗಳನ್ನು ಹೊತ್ತ ಮನೆಮುದ್ರಿಕೆಗಳು ಅನೇಕರ ಕಪಾಟುಗಳಲ್ಲಿ ಉಳಿದಿವೆ.

ತಟ್ಟೆಯ ಸ್ವರೂಪ

ಸಿ.ಡಿ.ಯನ್ನು ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಸಂಸ್ಥೆಗಳು ಒಟ್ಟುಗೂಡಿ ರೂಪಿಸಿದವು. ಅದರ ನಿಯಮಾವಳಿ 1980ರಲ್ಲಿ ಸಿದ್ಧವಾಯಿತು. 1982ರಲ್ಲಿ ತಟ್ಟೆಗಳು ಮಾರುಕಟ್ಟೆಗೆ ಬಂದವು. 12 ಸೆಂಟಿಮೀಟರ್ ವ್ಯಾಸದ, 1.2 ಮಿಲಿಮೀಟರ್ ದಪ್ಪದ ಈ ಪಾರದರ್ಶಕ ಬಿಲ್ಲೆಯ ಮೇಲ್ಭಾಗದಲ್ಲಿ ಕನ್ನಡಿಯಂಥ ಒಂದು ಲೋಹದ ಪದರವಿದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಒಳಸುತ್ತಿನಿಂದ ಹೊರಸುತ್ತಿನವರೆಗೆ ಸುರುಳಿಯಾಕಾರದಲ್ಲಿ ಹಬ್ಬಿರುತ್ತವೆ. ಈ ಸುರುಳಿಯನ್ನು ಬಿಡಿಸಿ ಹಾಸಿದರೆ ಐದು ಕಿಲೋಮೀಟರಿಗೂ ಮಿಗಿಲಾದೀತು. ಕೆಳಗಿನಿಂದ ಬೀಳುವ ಲೇಸರ್ ಕಿರಣವು ಗುಳಿಯಿದ್ದೆಡೆ ಮಂದವಾಗಿಯೂ ಸಮತಟ್ಟಾದೆಡೆ ಉಜ್ಜ್ವಲವಾಗಿಯೂ ಹಿಂತಿರುಗುತ್ತದೆ. ಬೆಳಕಿನ ಈ ಏರಿಳಿತವನ್ನೇ ಯಂತ್ರವು ಅಂಕಿಗಳಾಗಿ ಎಣಿಸಿ, ಅಂಕಿಗಳನ್ನು ಸಂಗೀತವಾಗಿ ಮಾರ್ಪಡಿಸುತ್ತದೆ.

ಮನೆಯಲ್ಲಿ ಬರೆಯುವ ಸಿ.ಡಿ.-ಆರ್. ತಟ್ಟೆಯಲ್ಲಿ ಗುಳಿಗಳಿಲ್ಲ. ಅದರಲ್ಲಿ ಒಂದು ಬಣ್ಣದ ಲೇಪವಿದೆ. ಬರೆಯುವ ಲೇಸರಿನ ಶಾಖಕ್ಕೆ ಆ ಬಣ್ಣವು ಅಲ್ಲಲ್ಲಿ ಸುಟ್ಟಂತಾಗಿ, ಗುಳಿಗಳ ಕೆಲಸವನ್ನೇ ಮಾಡುವ ಕಲೆಗಳು ಮೂಡುತ್ತವೆ. ಅಳಿಸಿ ಮತ್ತೆ ಬರೆಯಬಹುದಾದ ಸಿ.ಡಿ.-ಆರ್.ಡಬ್ಲ್ಯು. ಎಂಬ ಮೂರನೆಯ ಬಗೆಯಲ್ಲಿ ಬಣ್ಣದ ಬದಲು ವಿಶೇಷ ಮಿಶ್ರಲೋಹವಿರುತ್ತದೆ. ಅಚ್ಚೊತ್ತಿದ ತಟ್ಟೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 70ರಷ್ಟನ್ನು ಇಲ್ಲವೆ ಇನ್ನೂ ಹೆಚ್ಚನ್ನು ಹಿಂದಕ್ಕೆ ಕೊಡುತ್ತದೆ, ಸಿ.ಡಿ.-ಆರ್. ತಟ್ಟೆ ಅದರ ಸಮೀಪಕ್ಕೆ ಬರುತ್ತದೆ, ಆರ್.ಡಬ್ಲ್ಯು. ತಟ್ಟೆಯಾದರೋ ಶೇಕಡಾ 15ರಿಂದ 25ರಷ್ಟನ್ನು ಮಾತ್ರ ಕೊಡುತ್ತದೆ. ಹಳೆಯ ಕಾರಿನ ಯಂತ್ರಗಳಿಗೆ ಈ ಮಂದ ಬೆಳಕು ಸಾಲದು. ಆದುದರಿಂದ ಮೊದಲನೆಯ ನಿಯಮ: ಕಾರಿಗೆ ಬೇಕಾದ ಸಂಗೀತವನ್ನು ಆರ್.ಡಬ್ಲ್ಯು. ತಟ್ಟೆಗೆ ಬರೆಯಬೇಡಿರಿ.

ಕಂಪ್ಯೂಟರಿನಲ್ಲಿ ಹಾಡಿದ ತಟ್ಟೆ ಕಾರಿನಲ್ಲಿಯೂ ಹಾಡಲೇಬೇಕೆಂಬುದು ನಮ್ಮ ಸಾಮಾನ್ಯ ಭ್ರಮೆ. ಕಂಪ್ಯೂಟರು ಅನೇಕ ಬಗೆಯ ಕಡತಗಳನ್ನು ಬಲ್ಲುದು. ಒಮ್ಮೆ ಓದಲಾಗದಿದ್ದರೆ ನಿಧಾನಿಸಿ ಹತ್ತು ಬಾರಿ ಓದಬಲ್ಲುದು. ಕಾರಿನ ಸ್ಟೀರಿಯೋಕ್ಕೆ ಕಾರ್ಖಾನೆಯಲ್ಲಿ ಕಲಿಸಿ ಕಳುಹಿಸಿದಷ್ಟೇ ವಿದ್ಯೆ. ಅಲ್ಲದೆ ರಸ್ತೆಯ ಕುಲುಕಾಟದಲ್ಲಿ, ಧೂಳಿನಲ್ಲಿ, ಬಿಸಿಲಿನಲ್ಲಿ ಅದು ಕೆಲಸ ಮಾಡಬೇಕು.

ನಗದು ಮತ್ತು ಚೆಕ್ಕು

ಒಂದೇ ಹಾಡನ್ನು ತಟ್ಟೆಗೆ ಎರಡು ರೀತಿಯಲ್ಲಿ ಬರೆಯಬಹುದು. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಒಂದು ನಗದು, ಇನ್ನೊಂದು ಚೆಕ್ಕು.

ನಗದೆಂದರೆ ‘ಆಡಿಯೋ ಸಿ.ಡಿ.’ ಇದರಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ, ಎಡ ಬಲ ಎರಡು ವಾಹಿನಿಗಳಲ್ಲಿ ನೇರವಾಗಿ ಬರೆಯಲಾಗುತ್ತದೆ. ಸ್ಥಳ ಬಹಳ ಬೇಕು. ನಿಮಿಷಕ್ಕೆ ಸುಮಾರು 10 ಎಂ.ಬಿ. ಹೀಗಾಗಿ ಒಂದು ತಟ್ಟೆಯಲ್ಲಿ 74 ಅಥವಾ 80 ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತದೆ. ಆದರೆ 1982ರಿಂದ ಈಚೆಗೆ ತಯಾರಾದ ಸಿ.ಡಿ. ಯಂತ್ರಗಳೆಲ್ಲಕ್ಕೂ ಇದು ಅರ್ಥವಾಗುವ ಭಾಷೆ. ನಗದನ್ನು ಯಾವ ಅಂಗಡಿಯವನಾದರೂ ಸ್ವೀಕರಿಸುತ್ತಾನಷ್ಟೆ?

ಚೆಕ್ಕೆಂದರೆ ‘ಡೇಟಾ ಸಿ.ಡಿ.’ ಇದರಲ್ಲಿ ಹಾಡುಗಳು ಎಂ.ಪಿ.3 ಮೊದಲಾದ ಕಡತಗಳ ರೂಪದಲ್ಲಿರುತ್ತವೆ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಪ್ರಮುಖ ಪಾತ್ರ ವಹಿಸಿ ರೂಪಿಸಿದ ಎಂ.ಪಿ.3 ವಿಧಾನವು, ಮಾನವನ ಕಿವಿಗೆ ಸುಲಭವಾಗಿ ಗೋಚರಿಸದ ಅಂಶಗಳನ್ನು ಕೈಬಿಟ್ಟು ಧ್ವನಿಯನ್ನು ಹತ್ತರಲ್ಲೊಂದು ಪಾಲಿನಷ್ಟಕ್ಕೆ ಕುಗ್ಗಿಸಬಲ್ಲುದು. 128 ಕಿಲೋಬಿಟ್ ದರದಲ್ಲಿ 700 ಎಂ.ಬಿ.ಯ ತಟ್ಟೆಯೊಂದರಲ್ಲಿ ಸುಮಾರು 12 ಗಂಟೆಗಳ ಸಂಗೀತ ಅಡಗುತ್ತದೆ. ಆದರೆ ಚೆಕ್ಕನ್ನು ನಗದಾಗಿಸಲು ಬ್ಯಾಂಕು ಬೇಕಾಗುವಂತೆ, ಈ ಕಡತಗಳನ್ನು ಬಿಡಿಸಿ ಓದುವ ಸಾಮರ್ಥ್ಯವು ಯಂತ್ರದಲ್ಲಿರಬೇಕು. ನಿಮ್ಮ ಸ್ಟೀರಿಯೋದ ಮುಖದ ಮೇಲೆ ‘ಎಂ.ಪಿ.3’ ಎಂಬ ಗುರುತಿದೆಯೇ ಎಂದು ನೋಡಿಕೊಳ್ಳಿರಿ. ಗುರುತಿಲ್ಲದಿದ್ದರೆ, ಆಡಿಯೋ ಸಿ.ಡಿ.ಯನ್ನೇ ಬರೆಯತಕ್ಕದ್ದು.

ಇಲ್ಲಿ ಆಗುವ ತಪ್ಪು ಸಾಮಾನ್ಯ. ಎಂ.ಪಿ.3 ಕಡತಗಳನ್ನು ತಟ್ಟೆಗೆ ನಕಲು ಮಾಡಿದೊಡನೆ ಅದು ಆಡಿಯೋ ಸಿ.ಡಿ. ಆಗುವುದಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರಿನಂಥ ತಂತ್ರಾಂಶದ ‘ಬರ್ನ್’ ವಿಭಾಗಕ್ಕೆ ಹೋಗಿ, ‘ಆಡಿಯೋ ಸಿ.ಡಿ.’ ಎಂಬುದನ್ನು ನಾವೇ ಆರಿಸಬೇಕು. ಆಗ ಅದು ಕಡತಗಳನ್ನು ಬಿಡಿಸಿ, ಮೂಲ ಅಂಕಿಗಳನ್ನಾಗಿ ಮಾಡಿ ಬರೆಯುತ್ತದೆ. ಬರೆದಾದ ಮೇಲೆ ಪರೀಕ್ಷೆ ಸುಲಭ: ತಟ್ಟೆಯನ್ನು ಕಂಪ್ಯೂಟರಿನಲ್ಲಿ ತೆರೆದಾಗ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂಬ ಸಾಲು ಕಂಡರೆ ಅದು ನಗದು; ನೀವು ಕೊಟ್ಟ ಕಡತಗಳ ಹೆಸರುಗಳೇ ಎಂ.ಪಿ.3 ಎಂಬ ಬಾಲದೊಡನೆ ಕಂಡರೆ ಅದು ಚೆಕ್ಕು.

ಪುಸ್ತಕವನ್ನು ಮುಚ್ಚುವುದು

ಬ್ಯಾಂಕಿನಲ್ಲಿ ದಿನದ ವ್ಯವಹಾರ ಮುಗಿದ ಮೇಲೆ ಲೆಕ್ಕದ ಪುಸ್ತಕಗಳನ್ನು ಕೂಡಿಸಿ ಮುಚ್ಚುವುದು ಪದ್ಧತಿ. ತಟ್ಟೆಗೂ ಇಂಥದೊಂದು ಮುಕ್ತಾಯವಿದೆ. ಇಂಗ್ಲಿಷಿನಲ್ಲಿ ಇದನ್ನು ‘ಫೈನಲೈಸ್’ ಎನ್ನುತ್ತಾರೆ. ತಟ್ಟೆಯ ಅತ್ಯಂತ ಒಳಸುತ್ತಿನಲ್ಲಿ, ಎಷ್ಟು ಹಾಡುಗಳಿವೆ ಮತ್ತು ಯಾವುದು ಎಲ್ಲಿ ಆರಂಭವಾಗುತ್ತದೆ ಎಂಬ ಪರಿವಿಡಿ ಇರಬೇಕು. ಮುಕ್ತಾಯ ಮಾಡಿದಾಗಲೇ ಈ ಪರಿವಿಡಿ ಅಂತಿಮವಾಗಿ ಬರೆಯಲ್ಪಡುತ್ತದೆ. ಬರೆದ ಯಂತ್ರವು ಪರಿವಿಡಿಯಿಲ್ಲದೆಯೂ ತನ್ನ ತಟ್ಟೆಯನ್ನು ಓದಿಕೊಳ್ಳಬಹುದು. ಕಾರಿನ ಯಂತ್ರವು ಮೊದಲು ಹುಡುಕುವುದೇ ಪರಿವಿಡಿಯನ್ನು. ಅದು ಸಿಗದಿದ್ದರೆ ತಟ್ಟೆಯು ಖಾಲಿಯೆಂದೋ ಕೆಟ್ಟಿದೆಯೆಂದೋ ಭಾವಿಸಿ ಹೊರಕ್ಕೆ ನೂಕುತ್ತದೆ.

ನನ್ನ ತಟ್ಟೆಯ ದೋಷವೂ ಈ ಜಾತಿಯದೇ ಆಗಿತ್ತು. 2009ರಲ್ಲಿ ಬಂದ ವಿಂಡೋಸ್ 7ರಿಂದ ಈಚೆಗೆ, ಖಾಲಿ ತಟ್ಟೆಯನ್ನು ಹಾಕಿ ಕಡತಗಳನ್ನು ನಕಲು ಮಾಡಹೊರಟರೆ ಕಂಪ್ಯೂಟರು ಒಂದು ಪ್ರಶ್ನೆಯನ್ನು ಕೇಳುತ್ತದೆ: ಈ ತಟ್ಟೆಯನ್ನು ಯು.ಎಸ್.ಬಿ. ಫ್ಲ್ಯಾಶ್ ಡ್ರೈವಿನಂತೆ ಬಳಸುವಿರಾ, ಅಥವಾ ಸಿ.ಡಿ./ಡಿ.ವಿ.ಡಿ. ಪ್ಲೇಯರಿನಲ್ಲಿ ಬಳಸುವಿರಾ? ಮೊದಲನೆಯದನ್ನು ಆರಿಸಿದರೆ ತಟ್ಟೆಯು ಯು.ಡಿ.ಎಫ್. ಎಂಬ ಕಡತ ವ್ಯವಸ್ಥೆಯಲ್ಲಿ ಸಿದ್ಧವಾಗುತ್ತದೆ. ಕಾರಿನ ಎಂ.ಪಿ.3 ಯಂತ್ರಗಳು ಸಾಮಾನ್ಯವಾಗಿ ಬಲ್ಲುದು ಐ.ಎಸ್.ಓ. 9660 ಎಂಬ ಹಳೆಯ ವ್ಯವಸ್ಥೆಯನ್ನು. ನಾನು ಅವಸರದಲ್ಲಿ, ಸುಲಭವೆಂದು ತೋರಿದ ಮೊದಲನೆಯ ಉತ್ತರವನ್ನೇ ಒತ್ತಿದ್ದೆ. ಒಂದು ಗುಂಡಿಯ ವ್ಯತ್ಯಾಸಕ್ಕೆ ಇಡೀ ತಟ್ಟೆ ಮೂಕವಾಯಿತು. ಡೇಟಾ ಸಿ.ಡಿ. ಬರೆಯುವವರು ಎರಡನೆಯ ಉತ್ತರವನ್ನೇ ಆರಿಸತಕ್ಕದ್ದು.

ಆಡಿಯೋ ಸಿ.ಡಿ.ಯ ವಿಷಯದಲ್ಲಿ ಇನ್ನೆರಡು ಸೂಚನೆಗಳು. ಇಂದು ನಾಲ್ಕು ಹಾಡು, ಮುಂದಿನ ವಾರ ನಾಲ್ಕು ಹಾಡು ಎಂದು ಕಂತುಗಳಲ್ಲಿ ಬರೆದರೆ, ಬಹುತೇಕ ಸಂಗೀತ ಯಂತ್ರಗಳು ಮೊದಲ ಕಂತನ್ನು ಮಾತ್ರ ಓದುತ್ತವೆ. ಎಲ್ಲವನ್ನೂ ಒಂದೇ ಸಲ ಬರೆಯುವುದು ಲೇಸು. ತಂತ್ರಾಂಶದಲ್ಲಿ ‘ಡಿಸ್ಕ್ ಅಟ್ ಒನ್ಸ್’ ಎಂಬ ಆಯ್ಕೆಯಿದ್ದರೆ ಅದನ್ನೇ ಬಳಸಿರಿ. ಹಾಡಿಗೊಂದು ಬಾರಿ ಲೇಸರನ್ನು ನಿಲ್ಲಿಸಿ ಬರೆಯುವ ಇನ್ನೊಂದು ವಿಧಾನದಲ್ಲಿ ಹಾಡುಗಳ ನಡುವೆ ಎರಡು ಸೆಕೆಂಡುಗಳ ಮೌನ ಸೇರಿಕೊಳ್ಳುತ್ತದೆ. ಭಾಗಗಳಾಗಿ ವಿಂಗಡಿಸಿದ ಯಕ್ಷಗಾನ ಪ್ರಸಂಗದಲ್ಲಿಯೋ ದೀರ್ಘವಾದ ರಾಗದಲ್ಲಿಯೋ ಈ ಮೌನವು ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ.

ತಟ್ಟೆಯ ಆಯ್ಕೆ, ವೇಗ, ಹಣೆಪಟ್ಟಿ

ಸಿ.ಡಿ.-ಆರ್. ಕೊಳ್ಳುವಾಗ 80 ನಿಮಿಷ, 700 ಎಂ.ಬಿ. ಎಂದು ಬರೆದದ್ದನ್ನೇ ಕೊಳ್ಳಿರಿ. 90 ಅಥವಾ 99 ನಿಮಿಷಗಳ ತಟ್ಟೆಗಳು ನಿಯಮಾವಳಿಯನ್ನು ಮೀರಿದವು. ಡಿ.ವಿ.ಡಿ. ತಟ್ಟೆಯು ನೋಡಲು ಹಾಗೆಯೇ ಇದ್ದರೂ ಅದನ್ನು ಓದುವ ಲೇಸರೇ ಬೇರೆ, ಸಿ.ಡಿ. ಮಾತ್ರ ಓದುವ ಸ್ಟೀರಿಯೋಕ್ಕೆ ಅದು ನಿಲುಕದು. 8 ಸೆಂಟಿಮೀಟರಿನ ಪುಟ್ಟ ತಟ್ಟೆಗಳನ್ನು ಸೀಳುಬಾಯಿಯ ಕಾರು ಯಂತ್ರಕ್ಕೆ ಎಂದಿಗೂ ಹಾಕಬಾರದು, ಒಳಗೇ ಸಿಕ್ಕಿಬೀಳುತ್ತವೆ.

ಬರೆಯುವ ವೇಗದ ವಿಷಯದಲ್ಲಿ ‘ನಿಧಾನವೇ ಪ್ರಧಾನ’ ಎಂಬ ಹಿರಿಯರ ಮಾತು ಬಹುಮಟ್ಟಿಗೆ ಸತ್ಯ, ಪೂರ್ತಿ ಸತ್ಯವಲ್ಲ. 52 ಪಟ್ಟು ವೇಗದಲ್ಲಿ ಬರೆದಾಗ ಕಲೆಗಳ ಅಂಚು ಸ್ಫುಟವಾಗದೆ ಹೋಗಬಹುದು. ಹಾಗೆಂದು, ಅತಿವೇಗಕ್ಕಾಗಿ ತಯಾರಿಸಿದ ಈಚಿನ ತಟ್ಟೆಗಳನ್ನು ತೀರ ಮಂದಗತಿಯಲ್ಲಿ ಬರೆಯುವುದೂ ಹಿತವಲ್ಲ. 16 ಪಟ್ಟಿನ ಆಸುಪಾಸಿನ ಮಧ್ಯಮ ವೇಗ ಒಳ್ಳೆಯದು. ಆ ವೇಗದಲ್ಲಿ ತುಂಬಿದ ತಟ್ಟೆಗೆ ಐದಾರು ನಿಮಿಷ ಸಾಕು.

ತಟ್ಟೆಯ ಮೇಲೆ ಅಂಟುಕಾಗದದ ಹಣೆಪಟ್ಟಿಯನ್ನು ಹಚ್ಚುವುದು ಬೇಡ. ಅದು ತುಸು ಓರೆಯಾದರೂ ತಿರುಗುವ ತಟ್ಟೆಯ ಸಮತೋಲ ಕೆಡುತ್ತದೆ. ಕಾರಿನ ಬಿಸಿಗೆ ಅಂಟು ಬಿಟ್ಟು ಯಂತ್ರದೊಳಗೆ ಸುರುಳಿಗಟ್ಟುತ್ತದೆ. ಬಾಲ್‌ಪೆನ್ನಿನಿಂದ ಬರೆಯುವುದು ಇನ್ನೂ ಅಪಾಯ. ಕೆಳಮೈಯ ಗೀರಿಗಿಂತ ಮೇಲ್ಮೈಯ ಗೀರು ಹೆಚ್ಚು ಘಾತಕವೆಂಬುದು ಅನೇಕರಿಗೆ ತಿಳಿಯದು. ಕೆಳಗೆ ಒಂದು ಮಿಲಿಮೀಟರಿಗೂ ದಪ್ಪವಾದ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ. ಮೇಲೆ ಲೋಹದ ಪದರಕ್ಕೂ ಹೊರಜಗತ್ತಿಗೂ ನಡುವೆ ಇರುವುದು ತೆಳುವಾದ ಅರಗಿನ ಲೇಪ ಮಾತ್ರ. ಮೆದುತುದಿಯ ಮಾರ್ಕರ್ ಪೆನ್ನಿನಿಂದ, ಸಾಧ್ಯವಾದರೆ ನಡುವಿನ ಪಾರದರ್ಶಕ ಉಂಗುರದ ಮೇಲೆ ಬರೆಯಿರಿ.

ಕಡತದ ಬಗೆ ಮತ್ತು ಹೆಸರು

ಎಂ.ಪಿ.3 ಓದುವ ಯಂತ್ರವು ಎಲ್ಲ ಕಡತಗಳನ್ನೂ ಓದೀತೆಂದು ತಿಳಿಯಬಾರದು. ಮೊಬೈಲಿನಲ್ಲಿ ಧ್ವನಿಮುದ್ರಿಸಿದ ಕಡತಗಳು ಅನೇಕ ವೇಳೆ ಎಂ.4ಎ. ರೂಪದಲ್ಲಿರುತ್ತವೆ. ಊರಿನಿಂದ ಅಜ್ಜಿ ವಾಟ್ಸ್‌ಆಪಿನಲ್ಲಿ ಹಾಡಿ ಕಳುಹಿಸಿದ ಲಾಲಿಹಾಡು ಓಪಸ್ ಎಂಬ ರೂಪದಲ್ಲಿರುತ್ತದೆ. ಹಳೆಯ ಕಾರು ಯಂತ್ರಗಳಿಗೆ ಇವು ಅಪರಿಚಿತ. ಅವುಗಳ ಹೆಸರಿನ ಬಾಲವನ್ನು ಮಾತ್ರ ಎಂ.ಪಿ.3 ಎಂದು ತಿದ್ದಿದರೆ ಪ್ರಯೋಜನವಿಲ್ಲ. ಬೋರ್ಡು ಬದಲಾಯಿಸಿದ ಮಾತ್ರಕ್ಕೆ ಅಂಗಡಿಯ ಸರಕು ಬದಲಾಗದು. ಪರಿವರ್ತಿಸುವ ತಂತ್ರಾಂಶದಿಂದಲೇ ಅವುಗಳನ್ನು ಎಂ.ಪಿ.3 ಮಾಡಬೇಕು. ಹಣ ಕೊಟ್ಟು ಕೇಳುವ ಸಂಗೀತ ಸೇವೆಗಳಲ್ಲಿ ‘ಇಳಿಸಿಕೊಂಡ’ ಹಾಡುಗಳು ಬೀಗ ಹಾಕಿದ ಕಡತಗಳು. ಅವು ತಟ್ಟೆಗೆ ಬರತಕ್ಕವಲ್ಲ.

ಕನ್ನಡಿಗರಿಗೆ ವಿಶೇಷವಾದ ಒಂದು ತೊಡಕು ಹೆಸರಿನದು. ಕಡತಗಳಿಗೆ ಕನ್ನಡ ಲಿಪಿಯಲ್ಲಿ ಹೆಸರಿಡಬೇಕೆಂಬ ಅಭಿಮಾನ ಸಹಜವೇ. ಆದರೆ ಹಳೆಯ ಸ್ಟೀರಿಯೋಗಳ ಪುಟ್ಟ ಪರದೆಯಲ್ಲಿ ಕನ್ನಡವು ಚೌಕಗಳಾಗಿಯೋ ಅಡ್ಡಗೆರೆಗಳಾಗಿಯೋ ಕಾಣುತ್ತದೆ. ಹೆಸರನ್ನು ಚಿಕ್ಕದಾಗಿ ರೋಮನ್ ಅಕ್ಷರಗಳಲ್ಲಿ ಬರೆದು, ಆರಂಭದಲ್ಲಿ 01, 02 ಎಂದು ಅಂಕಿಗಳನ್ನು ಕೊಡಿರಿ. ಬರಿದೆ 1, 2 ಎಂದು ಕೊಟ್ಟರೆ ಕೆಲವು ಯಂತ್ರಗಳು ಒಂದರ ನಂತರ ಹತ್ತನ್ನು ಹಾಡಿ, ಮಂಗಳಾರತಿಯ ಪದವನ್ನು ಪೂಜೆಯ ಮೊದಲಿಗೇ ತಂದಿಡುತ್ತವೆ! ಕನ್ನಡದ ಹೆಸರುಗಳನ್ನು ತಟ್ಟೆಯ ಹೊದಿಕೆಯಲ್ಲಿ ಒಂದು ಕಾಗದದ ಮೇಲೆ ಬರೆದಿಡಬಹುದು. ಹಾಡಿದವರ ಹೆಸರು, ಊರು, ದಿನಾಂಕಗಳನ್ನೂ ಅಲ್ಲಿಯೇ ಕಾಣಿಸಿದರೆ ಮುಂದಿನ ತಲೆಮಾರಿಗೆ ಉಪಕಾರವಾದೀತು.

ಕ್ಯಾಸೆಟ್ಟಿನಿಂದ ತಟ್ಟೆಗೆ

ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾದ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಿತು. ಮುಂದಿನ ಇಪ್ಪತ್ತು ವರ್ಷಗಳು ಕ್ಯಾಸೆಟ್ಟಿನ ಕಾಲ. ಪ್ರಸಿದ್ಧರ ಹಾಡುಗಳನ್ನು ಇಂದು ಬೇರೆಡೆಯಿಂದಲೂ ಪಡೆಯಬಹುದು. ಮದುವೆಯ ಮನೆಯ ಸೋಬಾನೆ, ತಂದೆಯವರ ಪುರಾಣವಾಚನ, ಮಗುವಿನ ಮೊದಲ ತೊದಲು ಇವುಗಳನ್ನು ಪಡೆಯಲು ನಮ್ಮ ಕ್ಯಾಸೆಟ್ಟನ್ನು ಬಿಟ್ಟರೆ ಬೇರೆ ಮೂಲವಿಲ್ಲ.

ಇವುಗಳನ್ನು ಇಳಿಸಲು ಸುಸ್ಥಿತಿಯಲ್ಲಿರುವ ಒಂದು ಟೇಪ್ ರೆಕಾರ್ಡರ್, ಅದರಿಂದ ಕಂಪ್ಯೂಟರಿನ ‘ಲೈನ್ ಇನ್’ ರಂಧ್ರಕ್ಕೆ ಒಂದು ತಂತಿ ಮತ್ತು ಅಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಮೊದಲು ಕ್ಯಾಸೆಟ್ಟನ್ನು ಒಮ್ಮೆ ತುದಿಯವರೆಗೆ ಮುಂದಕ್ಕೂ ಹಿಂದಕ್ಕೂ ಸುತ್ತಿ ಸಡಿಲಿಸಿರಿ. ಟೇಪ್ ರೆಕಾರ್ಡರಿನ ತಲೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿರಿ. ಧ್ವನಿಯ ಮಟ್ಟವು ಅತ್ಯುಚ್ಚ ಗೆರೆಯನ್ನು ಮುಟ್ಟದಂತೆ ಇರಿಸಿ, 44,100 ಅಳತೆಯ, 16 ಬಿಟ್‌ನ ‘ವೇವ್’ ಕಡತವಾಗಿ ಮುದ್ರಿಸಿಕೊಳ್ಳಿರಿ. ನೇರವಾಗಿ ಎಂ.ಪಿ.3 ಮಾಡಬೇಡಿರಿ, ಎಂ.ಪಿ.3ರಲ್ಲಿ ಒಮ್ಮೆ ಕೈಬಿಟ್ಟ ಅಂಶ ಮತ್ತೆ ಬಾರದು. ವೇವ್ ಕಡತವೇ ಮೂಲಧನ, ಎಂ.ಪಿ.3 ಅದರ ಬಡ್ಡಿಯಷ್ಟೆ.

ಮನೆಮುದ್ರಿಕೆಗಳ ಧ್ವನಿ ಸಾಮಾನ್ಯವಾಗಿ ಕ್ಷೀಣ. ನಿಶ್ಶಬ್ದವಾದ ಕೋಣೆಯಲ್ಲಿ ಕೇಳಿಸುವ ಹಾಡು ಹೆದ್ದಾರಿಯ ಗದ್ದಲದಲ್ಲಿ ಮುಳುಗುತ್ತದೆ. ‘ನಾರ್ಮಲೈಸ್’ ಎಂಬ ಕ್ರಿಯೆಯಿಂದ ಮಟ್ಟವನ್ನು ಮೊದಲೇ ಏರಿಸಿಕೊಂಡರೆ, ಚಾಲಕನು ಪದೇ ಪದೇ ಗುಂಡಿಯತ್ತ ಕೈಚಾಚುವ ಅಪಾಯ ತಪ್ಪುತ್ತದೆ. ತಟ್ಟೆ ಬದಲಾಯಿಸುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ಬಿಡುವುದು ಕ್ಷೇಮ.

ಬಿಸಿಲು, ತೇವ ಮತ್ತು ನೆರೆ

ಚೆನ್ನಾಗಿ ಬರೆದ ತಟ್ಟೆಗೂ ನಮ್ಮ ಹವೆಯೇ ವೈರಿ. 2016ರ ಮೇ 20ರಂದು ಅಹಮದಾಬಾದಿನ ಉಷ್ಣತೆ 48 ಡಿಗ್ರಿಗೆ ಏರಿತ್ತು. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನ ಒಳಗು ಒಂದು ಗಂಟೆಯೊಳಗೆ ಹೊರಗಿಗಿಂತ 20 ಡಿಗ್ರಿಯಷ್ಟು ಹೆಚ್ಚು ಕಾಯಬಲ್ಲುದು. ಸಿ.ಡಿ.-ಆರ್. ತಟ್ಟೆಯ ಸಂಗೀತವಿರುವುದು ಬಣ್ಣದಲ್ಲಿ ಎಂಬುದನ್ನು ನೆನಪಿಡಿರಿ. ಬಿಸಿಲಿಗೆ ಹಾಸಿದ ಸೀರೆಯ ಬಣ್ಣ ಮಾಸುವಂತೆ ಅದೂ ಮಾಸುತ್ತದೆ. ಶಾಖಕ್ಕೆ ತಟ್ಟೆ ಬಾಗುವುದೂ ಉಂಟು. ಕಾರಿನಲ್ಲಿ ಇಡುವುದು ಸದಾ ನಕಲಾಗಿರಲಿ. ಮೂಲವು ಮನೆಯ ಕತ್ತಲೆಯ ಕಪಾಟಿನಲ್ಲಿ, ನಿಲುವಾಗಿ, ಡಬ್ಬಿಯೊಳಗಿರಲಿ.

ಸಮುದ್ರಕ್ಕೆ ಸಮೀಪವಾದ ಸೂರತ್ತಿನಲ್ಲಿ ಬಿಸಿಲಿಗಿಂತ ತೇವದ ಬಾಧೆ ಹೆಚ್ಚು. ಮಳೆಗಾಲದಲ್ಲಿ ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಇವೆಲ್ಲಕ್ಕೂ ಮೀರಿದ್ದು ನೆರೆ. 2006ರ ಆಗಸ್ಟಿನಲ್ಲಿ ತಾಪಿ ನದಿಯು ಸೂರತ್ ನಗರದ ಬಹುಭಾಗವನ್ನು ಮುಳುಗಿಸಿತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿಯು ವಡೋದರಾದ ಬಡಾವಣೆಗಳಿಗೆ ನುಗ್ಗಿತು. ನೆಲಮಹಡಿಯಲ್ಲಿದ್ದವರು ಮೊದಲು ಮಕ್ಕಳನ್ನು, ಅನಂತರ ಕಾಗದಪತ್ರಗಳನ್ನು ಮೇಲಕ್ಕೆ ಸಾಗಿಸುತ್ತಾರೆ. ಹಳೆಯ ಕ್ಯಾಸೆಟ್ಟುಗಳು ಯಾರ ನೆನಪಿಗೂ ಬರುವುದಿಲ್ಲ.

ಸಿ.ಡಿ. ಯಂತ್ರವಿಲ್ಲದ ಕಾರುಗಳು

ಈಗಿನ ಹೊಸ ಕಾರುಗಳಲ್ಲಿ ತಟ್ಟೆಗೆ ಸ್ಥಳವೇ ಇಲ್ಲ, ಯು.ಎಸ್.ಬಿ. ರಂಧ್ರ ಮತ್ತು ಬ್ಲೂಟೂತ್ ಇವೆ. ಆದರೆ ಹಳೆಯ ಸಮಸ್ಯೆಯೇ ಹೊಸ ವೇಷದಲ್ಲಿ ಮರಳುತ್ತದೆ. ಪೆನ್ ಡ್ರೈವನ್ನು ಎನ್.ಟಿ.ಎಫ್.ಎಸ್. ಅಥವಾ ಎಕ್ಸ್‌ಫ್ಯಾಟ್ ವ್ಯವಸ್ಥೆಯಲ್ಲಿ ಸಿದ್ಧಪಡಿಸಿದ್ದರೆ ಅನೇಕ ಸ್ಟೀರಿಯೋಗಳು ಅದನ್ನು ಓದವು. ‘ಫ್ಯಾಟ್ 32’ ಆಗಬೇಕು. 32 ಜಿ.ಬಿ. ಅಥವಾ ಅದಕ್ಕೂ ಚಿಕ್ಕದಾದ ಡ್ರೈವು ಹೆಚ್ಚು ನಂಬಿಕಸ್ತ. ಮನೆಯ ಹಳೆಯ ಸಿ.ಡಿ.ಗಳನ್ನು ಇಂದೇ ಕಂಪ್ಯೂಟರಿಗೆ ಇಳಿಸಿಕೊಳ್ಳಿರಿ. ಈಚಿನ ಕಂಪ್ಯೂಟರುಗಳಲ್ಲಿಯೂ ತಟ್ಟೆಯ ಬಾಯಿ ಮಾಯವಾಗುತ್ತಿದೆ. ಯು.ಎಸ್.ಬಿ.ಗೆ ಜೋಡಿಸುವ ಒಂದು ಹೊರಗಿನ ಡಿ.ವಿ.ಡಿ. ಡ್ರೈವು ಮನೆಯಲ್ಲಿದ್ದರೆ ಉತ್ತಮ.

ತಟ್ಟೆ ಹಾಡದಿದ್ದಾಗ ಪರೀಕ್ಷಿಸಬೇಕಾದ ಕ್ರಮ

1. ಅಂಗಡಿಯಲ್ಲಿ ಕೊಂಡ, ಅಚ್ಚೊತ್ತಿದ ಸಿ.ಡಿ. ಹಾಡುತ್ತದೆಯೇ? ಅದೂ ಹಾಡದಿದ್ದರೆ ದೋಷ ಯಂತ್ರದ್ದು. ಲೇಸರಿನ ಮಸೂರಕ್ಕೆ ಧೂಳು ಹಿಡಿದಿರಬಹುದು.

2. ನಿಮ್ಮ ತಟ್ಟೆ ಸಿ.ಡಿ.-ಆರ್. ಹೌದೇ? ಆರ್.ಡಬ್ಲ್ಯು. ಅಥವಾ ಡಿ.ವಿ.ಡಿ. ಆಗಿರಬಾರದು.

3. ಅದು ಆಡಿಯೋ ಸಿ.ಡಿ.ಯೋ ಡೇಟಾ ಸಿ.ಡಿ.ಯೋ? ಡೇಟಾ ಆದರೆ ಸ್ಟೀರಿಯೋದ ಮೇಲೆ ಎಂ.ಪಿ.3 ಗುರುತು ಇದೆಯೇ?

4. ತಟ್ಟೆಯನ್ನು ಮುಕ್ತಾಯ ಮಾಡಲಾಗಿದೆಯೇ? ‘ಯು.ಎಸ್.ಬಿ.ಯಂತೆ’ ಎಂಬ ಉತ್ತರವನ್ನು ಒತ್ತಿರುವಿರಾ?

5. ಎಲ್ಲವೂ ಸರಿಯಿದ್ದರೆ ಬೇರೊಂದು ತಯಾರಿಕೆಯ ತಟ್ಟೆಗೆ, ಇನ್ನೂ ಕಡಿಮೆ ವೇಗದಲ್ಲಿ, ಅವೇ ಹಾಡುಗಳನ್ನು ಬರೆದು ನೋಡಿರಿ.

ಕೊನೆಯ ಮಾತು

2009ರ ಆ ಪ್ರಯಾಣದ ತರುವಾಯ ತಾಯಿಯವರ ಹಾಡುಗಳನ್ನು ಆಡಿಯೋ ಸಿ.ಡಿ.ಯಾಗಿ ಮತ್ತೆ ಬರೆದು ಎರಡು ಪ್ರತಿ ಮಾಡಿದೆ. ಒಂದು ಕಾರಿನಲ್ಲಿ ಉಳಿಯಿತು. ಇನ್ನೊಂದನ್ನು ಸೂರತ್ತಿನ ತಂಗಿಗೆ ಕೊಟ್ಟೆ. ಕಾರಿನ ಪ್ರತಿ ಅನೇಕ ವರ್ಷ ಹಾಡಿತು. ತಾಯಿಯವರು 2018ರಲ್ಲಿ ತೀರಿಕೊಂಡರು. ವರ್ಷಾಬ್ದಿಕದ ಸಮಯದಲ್ಲಿ ಅವರ ಧ್ವನಿಯನ್ನು ಕೇಳಬೇಕೆನಿಸಿ ತಟ್ಟೆಯನ್ನು ಹಾಕಿದರೆ, ಅಹಮದಾಬಾದಿನ ಹತ್ತು ಬೇಸಿಗೆಗಳನ್ನು ಕಂಡಿದ್ದ ಅದು ಮೂರನೆಯ ಹಾಡಿನಿಂದಾಚೆ ಓದಲಿಲ್ಲ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅದಕ್ಕೂ ಮೊದಲೇ ಕೆಟ್ಟಿತ್ತು. ಊರಿನಲ್ಲಿದ್ದ ಕ್ಯಾಸೆಟ್ಟಿನ ಟೇಪು ಬೂಷ್ಟು ಹಿಡಿದು ಅಂಟಿಕೊಂಡಿತ್ತು. ಉಳಿದದ್ದು, ತಂಗಿಯ ಮನೆಯ ಐದನೆಯ ಮಹಡಿಯಲ್ಲಿ, ಸೀರೆಗಳ ಕಪಾಟಿನ ಕತ್ತಲೆಯಲ್ಲಿದ್ದ ಆ ಒಂದೇ ತಟ್ಟೆ. ಅದು ಮೊದಲಿನಿಂದ ಕಡೆಯವರೆಗೂ ಹಾಡಿತು. ಅಂದೇ ಅದರಿಂದ ವೇವ್ ಕಡತಗಳನ್ನು ಮಾಡಿ ಮೂರು ಮನೆಗಳಲ್ಲಿ ಇರಿಸಿದ್ದೇವೆ.

ತಟ್ಟೆಯು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿದ್ದರೆ ಸಾಲದು. ಅದು ಒಂದಕ್ಕಿಂತ ಹೆಚ್ಚು ಕಡೆ ಇರಬೇಕು, ಕಾಲಕಾಲಕ್ಕೆ ಹೊಸ ಪಾತ್ರೆಗೆ ವರ್ಗವಾಗುತ್ತಿರಬೇಕು. ಈ ವಿಷಯದಲ್ಲಿ ಮೂರು ನಗರಗಳಲ್ಲಿ ಹರಡಿರುವ ನಮ್ಮ ಚದುರಿದ ಬಾಳೇ ಒಂದು ಅನುಕೂಲ. ತಾಪಿಯ ನೀರು ಅಹಮದಾಬಾದಿಗೆ ಬಾರದು. ವಿಶ್ವಾಮಿತ್ರಿಯ ನೀರು ಸೂರತ್ತಿಗೆ ಹೋಗದು. ಅಹಮದಾಬಾದಿನವರ ಒಂದು ಪ್ರತಿ ಸೂರತ್ತಿನ ಬಂಧುಗಳಲ್ಲಿ, ಸೂರತ್ತಿನವರದು ವಡೋದರಾದ ಸ್ನೇಹಿತರಲ್ಲಿ ಇರಲಿ. ಮುಂದಿನ ಬಾರಿ ಸಂಘದ ಕಾರ್ಯಕ್ರಮಕ್ಕೆ ಬರುವಾಗ ಹಣ್ಣು ಹೂವುಗಳ ಜೊತೆಗೆ ನಿಮ್ಮ ಮನೆಯವರು ಹಾಡಿದ ಒಂದು ತಟ್ಟೆಯನ್ನೋ ಪೆನ್ ಡ್ರೈವನ್ನೋ ತಂದು ಪರಸ್ಪರ ವಿನಿಮಯ ಮಾಡಿಕೊಂಡರೆ ಈ ಲೇಖನ ಬರೆದ ಶ್ರಮ ಸಾರ್ಥಕವಾದೀತು.